ಸಿ.ಆರ್.ಪಿ.ಯವರ ಅಕಾರಣ ಏರಿಳಿತದ ಬಗ್ಗೆ ಕಟಿಂಗ್ ಟೇಬಲಿನಿಂದ ಒಂದು ಅಹವಾಲು

ಗೆ,
ಶ್ರೀಯುತ ಸಿ.ಆರ್.ಪಿ. ಅವರು,
ರಕ್ತಪರೀಕ್ಷೆಯ ರಿಪೋರ್ಟು, ಎರಡನೇ ಪುಟ, ಮೇಲಿನಿಂದ ನಾಲ್ಕನೇ ಸಾಲು.
(ಪ್ರತಿ: ಅದೇ ಪುಟದ ಐದನೇ ಸಾಲಿನಲ್ಲಿ ವಾಸವಾಗಿರುವ ತಮ್ಮ ಸಹೋದ್ಯೋಗಿ ಶ್ರೀಯುತ ಇ.ಎಸ್.ಆರ್. ಅವರ ಅವಗಾಹನೆಗೆ.)

ವಿಷಯ: ತಾವು ಕಾರಣ ಹೇಳದೆ ಬಂದದ್ದು, ಕಾರಣ ಹೇಳದೆ ಹೋದದ್ದು, ಮತ್ತು ಈ ನಡುವೆ ನನ್ನ ಗತಿ ಏನಾಯಿತು ಎಂಬುದು.

ಮಾನ್ಯರೇ,

ಲಿವರಿನಲ್ಲಿ ಹುಟ್ಟಿ, ರಕ್ತದಲ್ಲಿ ಓಡಾಡಿ, ಲ್ಯಾಬಿನವರ ಕಾಗದದಲ್ಲಿ ಮಾತ್ರ ದರ್ಶನ ಕೊಡುವ ತಮ್ಮಂಥ ದೊಡ್ಡವರಿಗೆ, ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಟ್ಟೆ ಕತ್ತರಿಸುತ್ತಿರುವ ನನ್ನಂಥವಳು ನೇರವಾಗಿ ಪತ್ರ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ಆದರೂ ಹೊಟ್ಟೆಗೆ ಹಾಕಿಕೊಳ್ಳಬೇಕು. ತಾವು ಕ್ಷೇಮವೆಂದು ನಂಬಿದ್ದೇನೆ. ತಾವು ಹುಲುಸಾಗಿ ಬೆಳೆದಷ್ಟೂ ನನಗೆ ಕ್ಷೇಮವಲ್ಲವೆಂದು ಡಾಕ್ಟರರು ಹೇಳುತ್ತಾರಾದರೂ, ಪತ್ರವೆಂದ ಮೇಲೆ ಕ್ಷೇಮ ವಿಚಾರಿಸುವ ಮರ್ಯಾದೆಯನ್ನು ಬಿಡಲಾದೀತೇ?

ತಾವು ನನ್ನ ಬದುಕಿಗೆ ದಯಮಾಡಿಸುವ ಮುಂಚಿನ ಸ್ಥಿತಿಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ನನ್ನ ಭುಜದಲ್ಲಿ ಒಂದು ನೋವು ಬಂತು. ಎರಡು ವಾರಕ್ಕೆ ಅದು ಕುತ್ತಿಗೆಗೆ ಹೋಯಿತು, ಅಲ್ಲಿಂದ ಸೊಂಟ, ಮೊಣಕಾಲು, ಅಂಗೈ ಹೀಗೆ ಎಲ್ಲ ಕಡೆ ಸುತ್ತು ಹೊಡೆದು, ಎಲ್ಲಿಯೂ ತನ್ನ ಸಾಮಾನು ಖಾಲಿ ಮಾಡದೆ ಮುಂದಕ್ಕೆ ಹೋಗುತ್ತಾ ಹೋಯಿತು. ಎಲ್ಲೆಲ್ಲಿ ನೋವು ಎಂದು ಯಾರಾದರೂ ಕೇಳಿದರೆ ಎಲ್ಲೆಲ್ಲಿ ಇಲ್ಲ ಎಂದು ಹೇಳುವುದೇ ನನಗೆ ಸುಲಭವಾಗಿತ್ತು: ಮೂಗಿನ ತುದಿ ಮತ್ತು ಎಡಗಿವಿ. ಒಂಬತ್ತು ಗಂಟೆ ಮಲಗಿ ಎದ್ದರೂ ಮಲಗುವ ಮುಂಚಿಗಿಂತ ಹೆಚ್ಚು ಸುಸ್ತು. ಎಕ್ಸ್‌ರೇ ತೆಗೆಸಿದರೆ ಮೂಳೆಗಳೆಲ್ಲ ಫೋಟೋಕ್ಕೆ ನಿಂತಷ್ಟು ನೆಟ್ಟಗೆ ಇದ್ದವು. ಆಗ ನಮ್ಮ ಮನೆಯವರು, ಅಂದರೆ ನನ್ನ ಗಂಡ, ವೃತ್ತಿಯಿಂದ ಲಿಫ್ಟ್ ರಿಪೇರಿಯವರಾದ್ದರಿಂದ, ಲಿಫ್ಟಿನಲ್ಲಿ ದೋಷವಿದ್ದರೆ ಪ್ಯಾನೆಲಿನಲ್ಲಿ ಒಂದು ಸಂಖ್ಯೆ ಮಿನುಗಲೇಬೇಕು, ಮಿನುಗದಿದ್ದರೆ ದೋಷ ಪ್ರಯಾಣಿಕರ ತಲೆಯಲ್ಲಿದೆ ಎಂದು ತಮ್ಮ ಅನುಭವವನ್ನು ವಿವರಿಸಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನಮ್ಮ ಅತ್ತೆಯವರು, ನಾನು ಸೋಫಾದಲ್ಲಿ ಕೂತಾಗಲೆಲ್ಲ ಅದರ ಪಕ್ಕದಲ್ಲೇ ಕಸ ಗುಡಿಸಲು ಶುರು ಮಾಡುತ್ತಿದ್ದರು. ಕಾರ್ಖಾನೆಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವ ಅಕ್ಕ ಇದು ಗ್ಯಾಸು ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡಳು.

ಇಂಥ ಸಂದರ್ಭದಲ್ಲಿ ತಾವು ಬಂದಿರಿ. ಆರರೊಳಗೆ ಇರಬೇಕಾದ ತಾವು ಇಪ್ಪತ್ತಮೂರು ಆಗಿ ಬಂದಿರಿ, ಜೊತೆಗೆ ಇ.ಎಸ್.ಆರ್. ಅವರನ್ನೂ ನಲವತ್ತೆಂಟಕ್ಕೆ ಏರಿಸಿಕೊಂಡು, ಇಬ್ಬರೂ ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಒಂದೊಂದು ನಕ್ಷತ್ರ ಹಾಕಿಕೊಂಡು ಬಂದಿರಿ. ಮೈಯೊಳಗೆ ಎಲ್ಲೋ ಉರಿಯೂತವಿದೆ ಎಂಬುದು ತಮ್ಮ ಸಂದೇಶವಂತೆ. ಆ ನಕ್ಷತ್ರದ ಮಹಿಮೆಯನ್ನು ಏನೆಂದು ಹೊಗಳಲಿ! ನಮ್ಮ ಮನೆಯವರು ರಿಪೋರ್ಟನ್ನು ಎರಡು ಸಲ ಓದಿ, ಪ್ಯಾನೆಲಿನಲ್ಲಿ ಸಂಖ್ಯೆ ಮಿನುಗಿತೆಂದು ಸಂತೋಷದಿಂದ ಘೋಷಿಸಿ, ಆಮೇಲೆ ಸಂತೋಷಪಟ್ಟದ್ದಕ್ಕೆ ಕ್ಷಮೆ ಕೇಳಿದರು. ಅತ್ತೆಯವರು ತಮ್ಮ ಕೈಯಿಂದಲೇ ನನಗೆ ದಿಂಬು ತಂದುಕೊಟ್ಟರು. ಕಾರ್ಖಾನೆಯ ಯಜಮಾನರು ಗೋದಾಮಿನಿಂದ ಒಂದು ಎತ್ತರದ ಸ್ಟೂಲು ತರಿಸಿ ಕಟಿಂಗ್ ಟೇಬಲಿನ ಪಕ್ಕ ಹಾಕಿಸಿದರು. ಅದರ ಒಂದು ಕಾಲು ಗಿಡ್ಡವಾಗಿ ಕುಲುಕುತ್ತಿತ್ತು ನಿಜ, ಆದರೆ ಇಪ್ಪತ್ತು ವರ್ಷ ನಿಂತೇ ಕತ್ತರಿಸಿದವಳಿಗೆ ಅದು ಸಿಂಹಾಸನವಾಗಿತ್ತು. ಬಟ್ಟೆಯ ಥಾನುಗಳನ್ನು ಎತ್ತಿ ಟೇಬಲಿನ ಮೇಲೆ ಪದರ ಪದರವಾಗಿ ಹಾಸುವ ಭಾರದ ಕೆಲಸವನ್ನು ಬೇರೆ ಇಬ್ಬರಿಗೆ ವಹಿಸಿ, ನಾನು ಗುರುತು ಹಾಕಿ ಕತ್ತರಿಸಿದರೆ ಸಾಕೆಂದರು. ಒಂದೂವರೆ ವರ್ಷ ನನ್ನ ಬಾಯಿಮಾತಿನಿಂದ ಆಗದ್ದನ್ನು ತಾವು ಒಂದು ನಕ್ಷತ್ರದಿಂದ ಸಾಧಿಸಿದಿರಿ.

ಆದರೆ ಮಾನ್ಯರೇ, ತಾವು ಏಕೆ ಬಂದಿರಿ ಎಂಬುದನ್ನು ಮಾತ್ರ ಯಾರಿಗೂ ತಿಳಿಸಲಿಲ್ಲ. ತಮ್ಮ ವಿಳಾಸ ಹುಡುಕಿಕೊಂಡು ನಾನು ಅಂಡಲೆಯದ ಬಾಗಿಲಿಲ್ಲ. ಹಲ್ಲಿನ ಡಾಕ್ಟರು ಬಾಯೊಳಗೆ ದೀಪ ಹಾಕಿ ನೋಡಿ, ಹಲ್ಲು ಚಿನ್ನದಂತಿದೆ, ಹೊಟ್ಟೆಯಲ್ಲಿ ನೋಡಿಸಿ ಎಂದರು. ಹೊಟ್ಟೆಯವರು ಕೊಳವೆ ಇಳಿಸಿ ನೋಡಿ, ಇಷ್ಟು ಚೊಕ್ಕ ಹೊಟ್ಟೆ ನೋಡಿ ಬಹಳ ದಿನವಾಗಿತ್ತು, ಎದೆಯಲ್ಲಿ ನೋಡಿಸಿ ಎಂದರು. ಎದೆಯವರು ಮೂಗಿನವರ ಕಡೆಗೂ ಮೂಗಿನವರು ಮತ್ತೆ ಹಲ್ಲಿನವರ ಕಡೆಗೂ ಕೈ ತೋರಿಸಿದರು. ಪ್ರತಿಯೊಬ್ಬರೂ ತಮ್ಮ ಇಲಾಖೆಯಲ್ಲಿ ಮಾತ್ರ ಏನೂ ಅವ್ಯವಹಾರವಿಲ್ಲವೆಂದು ಪ್ರಮಾಣಪತ್ರ ಕೊಟ್ಟು ಕಳಿಸಿದ ರೀತಿಯನ್ನು ನೋಡಿದರೆ, ಇಷ್ಟೊಂದು ಆರೋಗ್ಯವಂತ ಅಂಗಾಂಗಗಳ ನಡುವೆ ನಾನೊಬ್ಬಳೇ ಕಾಯಿಲೆಯವಳು ಎಂದು ನಾಚಿಕೆಯಾಗುತ್ತಿತ್ತು.

ಕೊನೆಗೆ ಕೀಲು ಮತ್ತು ಸ್ನಾಯುಗಳ ತಜ್ಞೆಯೊಬ್ಬರ ಬಳಿಗೆ ಹೋದೆ. ಆಕೆ ರಿಪೋರ್ಟನ್ನು ಪಕ್ಕಕ್ಕಿಟ್ಟು, ಮೊಟ್ಟಮೊದಲಿಗೆ ನನ್ನ ಮೈಯನ್ನೇ ಮುಟ್ಟಿ ನೋಡಿದರು. ಕುತ್ತಿಗೆಯ ಬುಡ, ಭುಜದ ಏಣು, ಮೊಣಕೈಯ ಒಳಬದಿ ಎಂದು ಒಂದೊಂದೇ ಜಾಗವನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದಂತೆ ನಾನು ಕುರ್ಚಿಯಿಂದ ಎದ್ದೆದ್ದು ಕೂತೆ. ಮಲಗಿ ಎದ್ದಾಗ ಹೇಗಿರುತ್ತದೆ, ಓದಿದ್ದು ನೆನಪಿರುತ್ತದೆಯೇ, ಎಷ್ಟು ತಿಂಗಳಿಂದ ಎಂದೆಲ್ಲ ಕೇಳಿ ಬರೆದುಕೊಂಡು, ಇದಕ್ಕೆ ಫೈಬ್ರೊಮಯಾಲ್ಜಿಯಾ ಎನ್ನುತ್ತಾರೆ, ನೋವು ನಿಜವಾದದ್ದೇ, ಕೀಲು ಹಾಳಾಗುವುದಿಲ್ಲ, ದಿನವೂ ಸ್ವಲ್ಪ ಸ್ವಲ್ಪ ನಡೆಯಬೇಕು, ಒಂದೇ ದಿನ ಎಲ್ಲ ಕೆಲಸ ಮಾಡಲು ಹೋಗಬಾರದು ಎಂದರು. ನನಗೆ ಅಲ್ಲೇ ಅಳು ಬಂತು, ನೋವಿಗಲ್ಲ, ಅದಕ್ಕೊಂದು ಹೆಸರು ಸಿಕ್ಕಿತಲ್ಲ ಎಂದು. ಆದರೆ ಜೊತೆಗೆ ಬಂದಿದ್ದ ನಮ್ಮ ಮನೆಯವರು ಬಿಡಬೇಕಲ್ಲ. ಹಾಗಾದರೆ ಈ ಇಪ್ಪತ್ತಮೂರು ಅದರದ್ದೇ ತಾನೇ ಎಂದು ತಮ್ಮ ಕಡೆಗೆ ಬೆರಳು ಮಾಡಿದರು. ಅದಕ್ಕೆ ಡಾಕ್ಟರಮ್ಮ ಹೇಳಿದ ಮಾತನ್ನು ಯಥಾವತ್ತಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ: “ಈ ನೋವಿಗೆ ಸಾಮಾನ್ಯವಾಗಿ ಈ ನಂಬರ್ ಏರಲ್ಲ. ಇದ್ಯಾಕೆ ಏರಿದೆ ಅಂತ ನನಗೂ ಗೊತ್ತಿಲ್ಲ. ಮೂರು ತಿಂಗಳಿಗೊಮ್ಮೆ ನೋಡ್ತಾ ಇರೋಣ.”

ಅಂದರೆ ನನ್ನ ಮೈಯಲ್ಲಿ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಇಬ್ಬರು ಬಿಡಾರ ಹೂಡಿದ್ದರು: ಸಾಕ್ಷಿಯಿಲ್ಲದ ನೋವು ಒಂದು ಕಡೆ, ಕೆಲಸವಿಲ್ಲದ ಸಾಕ್ಷಿಯಾಗಿ ತಾವು ಇನ್ನೊಂದು ಕಡೆ. ಈ ಸೂಕ್ಷ್ಮ ನಮ್ಮ ಮನೆಯಲ್ಲಿ ಯಾರ ತಲೆಗೂ ಹೋಗಲಿಲ್ಲ. ನಮ್ಮ ಮನೆಯವರು ದೋಷಸಂಖ್ಯೆಗಳ ಪುಸ್ತಕವೊಂದು ಡಾಕ್ಟರರ ಹತ್ತಿರ ಇದ್ದೇ ಇರುತ್ತದೆ, ಕೊಡಲು ಮನಸ್ಸಿಲ್ಲ ಅಷ್ಟೇ ಎಂದು ದಾರಿಯುದ್ದಕ್ಕೂ ಗೊಣಗಿದರು. ಅತ್ತೆಯವರಂತೂ ಸಂಖ್ಯೆ ಹೇಳಿದರೆ ಲೈನು ಕೊಡುವ ಕೆಲಸದಲ್ಲೇ ಕೂದಲು ಹಣ್ಣಾದವರು. ಅವರು ಅಡ್ಡಗೆರೆ ಉದ್ದಗೆರೆ ಎಳೆದು ಒಂದು ಪಟ್ಟಿ ತಯಾರಿಸಿ ಫ್ರಿಜ್ಜಿಗೆ ಅಂಟಿಸಿದರು. ತಾವು ಇಪ್ಪತ್ತರ ಮೇಲಿದ್ದರೆ ಸೊಸೆ ನೀರಿನ ಬಕೆಟ್ ಮುಟ್ಟತಕ್ಕದ್ದಲ್ಲ. ಹತ್ತರಿಂದ ಇಪ್ಪತ್ತರೊಳಗೆ ಇದ್ದರೆ ಒಗೆದ ಬಟ್ಟೆ ಮಡಚಬಹುದು, ಆದರೆ ಹಿಂಡಿ ಒಣಹಾಕುವಂತಿಲ್ಲ. ಆರರಿಂದ ಹತ್ತಕ್ಕೆ ತರಕಾರಿ ಹೆಚ್ಚಬಹುದು, ಕುಂಬಳಕಾಯಿ ಹೊರತು. ಆರಕ್ಕಿಂತ ಕೆಳಗಿನ ಚೌಕದಲ್ಲಿ ‘ಎಲ್ಲವೂ’ ಎಂಬ ಒಂದೇ ಪದವಿತ್ತು.

ಈ ಪಟ್ಟಿಯಲ್ಲಿ ಒಂದು ಸಣ್ಣ ತೊಡಕು. ತಾವು ದರ್ಶನ ಕೊಡುವುದು ಮೂರು ತಿಂಗಳಿಗೊಮ್ಮೆ, ನನ್ನ ನೋವು ಬದಲಾಗುವುದು ದಿನಕ್ಕೆ ಮೂರು ಸಲ. ತಾವು ಮೂವತ್ತೊಂದು ಆಗಿದ್ದ ಅವಧಿಯಲ್ಲಿ ನನಗೆ ಹನ್ನೊಂದು ದಿನ ಮೈ ಹಗುರಾಗಿತ್ತು. ಆ ಹನ್ನೊಂದು ದಿನವೂ ನಾನು ಕೈಕಟ್ಟಿಕೊಂಡು, ಎಪ್ಪತ್ತೊಂದು ವರ್ಷದ ಅತ್ತೆ ಬಕೆಟ್ ಹೊರುವುದನ್ನು ಕಣ್ಣಾರೆ ನೋಡಬೇಕಾಯಿತು. ತಾವು ಹದಿನೇಳಕ್ಕೆ ಇಳಿದ ವಾರ ನನ್ನ ಬೆರಳುಗಳು ಬಾಚಣಿಗೆ ಹಿಡಿಯಲೂ ಒಪ್ಪಲಿಲ್ಲ; ಆದರೆ ಪಟ್ಟಿಯ ಪ್ರಕಾರ ಮಡಚುವ ಬಟ್ಟೆ ಹಾಸಿಗೆಯ ಮೇಲೆ ಗುಡ್ಡೆ ಬಿದ್ದಿತ್ತು, ನಾನು ಮಡಚಿದೆ. ಯಾರನ್ನು ದೂರಲಿ, ಅವರೆಲ್ಲ ಪ್ರೀತಿಯಿಂದಲೇ ಮಾಡುತ್ತಿದ್ದರು.

ಇಲ್ಲೊಂದು ತಪ್ಪೊಪ್ಪಿಗೆಯನ್ನೂ ದಾಖಲಿಸಬೇಕು. ನಾಲ್ಕನೇ ಸಲ ರಕ್ತ ಕೊಡಲು ಹೋದಾಗ, ಲ್ಯಾಬಿನ ತಂಗಿ ತೋಳಿಗೆ ರಬ್ಬರು ಬಿಗಿಯುತ್ತಿರುವಾಗ, ನಾನು ಮನಸ್ಸಿನಲ್ಲೇ ತಮ್ಮನ್ನು ಬೇಡಿಕೊಳ್ಳುತ್ತಿದ್ದೆ: ಇಳಿಯಬೇಡಿ, ದಮ್ಮಯ್ಯ, ಈಗಲೇ ಇಳಿಯಬೇಡಿ. ತಾವು ಇಪ್ಪತ್ತಾರು ಎಂದು ಗೊತ್ತಾದಾಗ, ಪರೀಕ್ಷೆಯಲ್ಲಿ ಪಾಸಾದ ಹುಡುಗಿಯಂತೆ ನನಗೆ ಖುಷಿಯಾಯಿತು. ಎದೆಯೊಳಗೋ ಹೊಟ್ಟೆಯೊಳಗೋ ಏನೋ ಕೆಟ್ಟದ್ದಿರಬಹುದೆಂದು ಹೇಳುವ ಸಂಖ್ಯೆಗೆ ಖುಷಿಪಡುವ ಮಟ್ಟಕ್ಕೆ ಬಂದೆನಲ್ಲ ಎಂದು ಮನೆಗೆ ಬರುವ ದಾರಿಯಲ್ಲಿ ಭಯವೂ ಆಯಿತು.

ಹೀಗಿರುವಾಗ, ಹೋದ ತಿಂಗಳ ರಿಪೋರ್ಟಿನಲ್ಲಿ ತಾವು ಏಕಾಏಕಿ ಮೂರು ಪಾಯಿಂಟ್ ಎರಡು ಆಗಿಬಿಟ್ಟಿರಿ. ದಪ್ಪಕ್ಷರವಿಲ್ಲ, ನಕ್ಷತ್ರವಿಲ್ಲ, ಒಂದು ಮಾತು ಹೇಳಿ ಹೋಗುವ ಸೌಜನ್ಯವೂ ಇಲ್ಲ. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನಮ್ಮ ಮನೆಯವರು ಕೆಲಸದ ನಡುವೆ, ಯಾವುದೋ ಕಟ್ಟಡದ ಏಳನೇ ಮಹಡಿಯ ಲಿಫ್ಟಿನ ಮೇಲೆ ಕೂತೇ ಫೋನ್ ಮಾಡಿ ಅಭಿನಂದಿಸಿದರು. ಅತ್ತೆಯವರು ಸಿಹಿ ಮಾಡಿ ಅಕ್ಕಪಕ್ಕದವರಿಗೂ ಹಂಚಿ, ಫ್ರಿಜ್ಜಿನ ಪಟ್ಟಿಯಲ್ಲಿ ‘ಎಲ್ಲವೂ’ ಎಂಬ ಪದದ ಸುತ್ತ ಹಸಿರು ಶಾಯಿಯಲ್ಲಿ ಒಂದು ಸುತ್ತು ಹಾಕಿದರು. ಕಾರ್ಖಾನೆಯಲ್ಲಿ ಸ್ಟೂಲಿನ ಮೇಲೆ ಕಟ್ಟು ಕಟ್ಟು ಕಾಲರ್ ಬಂದು ಕೂತವು, ಥಾನುಗಳು ಮತ್ತೆ ನನ್ನ ಹೆಗಲಿಗೆ ಬಂದವು, ಮತ್ತು ಆಸ್ಪತ್ರೆಯೊಂದಕ್ಕೆ ಇನ್ನೂರ ನಲವತ್ತು ನರ್ಸ್ ಕೋಟುಗಳ ಆರ್ಡರು ನನ್ನ ಹೆಸರಿಗೆ ಬಿತ್ತು. ನನ್ನ ಮೂರು ವರ್ಷದಲ್ಲೇ ಅತ್ಯಂತ ಕೆಟ್ಟ ನೋವು ಇದ್ದದ್ದು ಆ ವಾರ.

ಈ ಪತ್ರದ ಮೊದಲ ಕರಡನ್ನು ಬರೆದದ್ದು ಆಗಲೇ. ಅದರಲ್ಲಿ ತಮ್ಮ ಪಾದಕ್ಕೆ ಬಿದ್ದು ಕೇಳಿಕೊಂಡಿದ್ದ ಬೇಡಿಕೆಗಳನ್ನು ದಾಖಲೆಗಾಗಿ ಇಲ್ಲಿ ಕಾಣಿಸುತ್ತೇನೆ. ತಾವು ದಯವಿಟ್ಟು ಹಿಂತಿರುಗಬೇಕು. ಡಾಕ್ಟರಮ್ಮ ಹೆದರುವಷ್ಟು ಎತ್ತರಕ್ಕೂ ಬೇಡ, ಅತ್ತೆ ಮರೆಯುವಷ್ಟು ತಗ್ಗಿಗೂ ಬೇಡ, ಸುಮಾರು ಇಪ್ಪತ್ತೊಂದರಲ್ಲಿ ಖಾಯಂ ಆಗಿ ನೆಲೆಸಬೇಕು. ಬರಲು ಬಿಡುವಿಲ್ಲದಿದ್ದರೆ ಇ.ಎಸ್.ಆರ್. ಅವರನ್ನಾದರೂ ಪ್ರಭಾರದಲ್ಲಿ ಬಿಟ್ಟುಹೋಗಬೇಕು. ಅದೂ ಆಗದಿದ್ದರೆ ತಮ್ಮ ಸಹಿಯಿರುವ ನಕ್ಷತ್ರಗಳ ಒಂದು ಹಾಳೆಯನ್ನು ಕಳಿಸಿಕೊಡಬೇಕು, ನೋವು ಬಂದ ದಿನ ಒಂದೊಂದು ಕಿತ್ತು ಹಣೆಗೆ ಅಂಟಿಸಿಕೊಳ್ಳುತ್ತೇನೆ. ಇಷ್ಟು ಬರೆದು, ಲಕೋಟೆಯ ಮೇಲೆ ವಿಳಾಸ ಏನೆಂದು ಬರೆಯುವುದು ಎಂದು ತಿಳಿಯದೆ ಡ್ರಾಯರಿನಲ್ಲಿಟ್ಟಿದ್ದೆ.

ಅಷ್ಟರಲ್ಲಿ ಮಂಗಳವಾರ ಬಂತು. ಶಾಲೆಯೊಂದರ ಅಂಗಿಗಳಿಗಾಗಿ ಹದಿನಾರು ಪದರ ಹಾಸಿ ತೋಳು ಕತ್ತರಿಸುತ್ತಿದ್ದೆ. ನಿಂತು ನಿಂತು ಸೊಂಟ ಹಿಡಿದಿತ್ತು, ಹೆಬ್ಬೆರಳು ಕತ್ತರಿಯೊಳಗೇ ಬಿಗಿದುಕೊಂಡು ಕತ್ತರಿ ಗೆರೆ ಬಿಟ್ಟು ಜಾರಿತು. ಹದಿನಾರು ಎಡತೋಳುಗಳು ಎರಡೆರಡು ಬೆರಳು ಗಿಡ್ಡವಾದವು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕತ್ತರಿ ಗೆರೆ ದಾಟಿದ್ದಿಲ್ಲ, ಮಾನ್ಯರೇ. ನಾನು ಕತ್ತರಿ ಕೆಳಗಿಟ್ಟು ಕೈಯನ್ನು ನೋಡುತ್ತಾ ನಿಂತುಬಿಟ್ಟೆ. ಯಜಮಾನರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಬೈಯಲಿಲ್ಲ, ನಂಬರ್ ನಾರ್ಮಲ್ ಆದ ಮೇಲೂ ಹೀಗೆ ಅಂದರೆ ಇದು ವಯಸ್ಸಿನದ್ದೇ ಇರಬೇಕು ಎಂದು ಮೃದುವಾಗಿ ಹೇಳಿ, ಸೋಮವಾರದಿಂದ ಟೇಬಲನ್ನು ಥಾನು ಹಾಸುವ ಹುಡುಗನಿಗೆ ಬಿಟ್ಟುಕೊಟ್ಟು ನಾನು ಪ್ಯಾಕಿಂಗಿಗೆ ಹೋದರೆ ಹೇಗೆ ಎಂದು ಕೇಳಿದರು. ಆ ಟೇಬಲಿನ ಅಂಚು ಸವೆದಿರುವುದು ನನ್ನ ಹೊಟ್ಟೆ ಉಜ್ಜಿ ಉಜ್ಜಿ. ಅದನ್ನು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ಬೇರೆ ಏನೂ ಬೇಕಾಗಿಯೂ ಇಲ್ಲ. ಆದರೂ ತೋರಿಸಲು ಕೈಯಲ್ಲಿ ಒಂದು ನಕ್ಷತ್ರವೂ ಇಲ್ಲದವಳು ಏನೆಂದು ವಾದಿಸಲಿ? ಯೋಚಿಸಿ ಹೇಳುತ್ತೇನೆ ಎಂದೆ.

ಮರುದಿನ ನರ್ಸ್ ಕೋಟಿನ ಟ್ರಯಲ್ ಇತ್ತು. ನಮ್ಮ ಕಾರ್ಖಾನೆಯಲ್ಲಿ ದೊಡ್ಡ ಆರ್ಡರು ಬಂದರೆ ಮೊದಲು ಒಂದೇ ಒಂದು ಉಡುಪು ಹೊಲಿದು, ಹಾಕಿಕೊಳ್ಳುವವರನ್ನು ಕರೆಸಿ ತೊಡಿಸುತ್ತೇವೆ. ಅವರು ಕೈಯೆತ್ತಬೇಕು, ಬಗ್ಗಬೇಕು, ಕೂತು ಏಳಬೇಕು. ಅಷ್ಟು ಹೊತ್ತೂ ಹೊಲಿಗೆ ಮಶೀನುಗಳೆಲ್ಲ ನಿಂತಿರಬೇಕು, ತೊಟ್ಟವರು ಹೇಳಿದ್ದು ಕಾಜಾ ಅಕ್ಕನವರೆಗೂ ಕೇಳಬೇಕು ಎಂಬುದು ಯಜಮಾನರು ತಾವೇ ಮಾಡಿದ ಕಟ್ಟಳೆ. ಆಸ್ಪತ್ರೆಯ ಹಿರಿಯ ನರ್ಸ್ ಬಂದು ಕೋಟು ತೊಟ್ಟು, ಎರಡೂ ಕೈ ಮುಂದೆ ಚಾಚಿ, ಬೆನ್ನಿನಲ್ಲಿ ಹಿಡಿಯುತ್ತದೆ ಎಂದರು. ಥಾನು ಹಾಸುವ ಹುಡುಗ ಟೇಪು ಹಿಡಿದು ನೋಡಿದ. ಬೆನ್ನಗಲ ಕಾಲು ಇಂಚೂ ಹೆಚ್ಚುಕಮ್ಮಿಯಿಲ್ಲದೆ ಪುಸ್ತಕದಲ್ಲಿ ಬರೆದಷ್ಟೇ ಇತ್ತು. ಅಳತೆ ಸರಿಯಾಗಿಯೇ ಇದೆ ಮೇಡಂ ಎಂದು ಅವನು ವಿನಯದಿಂದ ಹೇಳಿದ. ಆಗ ಯಜಮಾನರು ಎದ್ದು ಬಂದು, ಹೊಸಬರಿಗೆಲ್ಲ ಹೇಳಿ ಹೇಳಿ ಅವರ ಬಾಯಿಗೇ ಅಂಟಿಹೋಗಿರುವ ಮಾತನ್ನು ಮತ್ತೊಮ್ಮೆ ಹೇಳಿದರು. “ಅಳತೆ ಸರಿ ಇದ್ರೆ ಇರ್ಲಿ ಬಿಡಪ್ಪ. ಹಾಕ್ಕೊಂಡಿರೋರು ಬಿಗಿ ಅಂದ್ರೆ ಬಿಗಿ. ಟೇಪು ಕೋಟು ಹಾಕ್ಕೊಳಲ್ಲ.”

ಈ ಮಾತನ್ನು ನಾನೇ ಸಾವಿರ ಸಲ ಕೇಳಿದ್ದೆ, ನನ್ನ ಕೈಕೆಳಗಿನವರಿಗೆ ನೂರು ಸಲ ಹೇಳಿದ್ದೆ. ಆದರೆ ಅಂದು ಮಶೀನುಗಳೆಲ್ಲ ನಿಂತಿದ್ದಾಗ, ಸೀಮೆಸುಣ್ಣ ಹಿಡಿದ ನನ್ನ ಕೈ ಭುಜದಿಂದ ಉಗುರಿನವರೆಗೆ ನೋಯುತ್ತಿದ್ದಾಗ, ಅದು ಬೇರೆಯೇ ಆಗಿ ಕೇಳಿತು. ನನಗೆ ಮೊದಲು ನಗು ಬಂತು. ಆಮೇಲೆ ಮಾತೂ ಬಂತು. “ಯಜಮಾನ್ರೇ, ಮೂರು ವರ್ಷದಿಂದ ನಾನೂ ಅದನ್ನೇ ಹೇಳ್ತಾ ಇರೋದು.”

ಯಾರೂ ಮಶೀನು ತುಳಿಯಲಿಲ್ಲ. ಹಿರಿಯ ನರ್ಸ್ ಪಾಪ ಏನೂ ಅರ್ಥವಾಗದೆ ಕೈ ಚಾಚಿಕೊಂಡೇ ನಿಂತಿದ್ದರು. ಯಜಮಾನರು ನನ್ನ ಮುಖ ನೋಡಿದರು, ಟೇಪು ನೋಡಿದರು, ಒಂದು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೂಲೆಗೆ ಹೋಗಿ, ಸ್ಟೂಲಿನ ಮೇಲಿದ್ದ ಕಾಲರಿನ ಕಟ್ಟುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಸ್ಟೂಲನ್ನು ತಾವೇ ಎತ್ತಿ ತಂದು ಟೇಬಲಿನ ಪಕ್ಕ ಇಟ್ಟರು. ಸೋಮವಾರದ ಮಾತು ಆಮೇಲೆ ಬರಲಿಲ್ಲ. ನಾನು ಕೂತು ನರ್ಸ್ ಕೋಟಿನ ಬೆನ್ನಿಗೆ ಮುಕ್ಕಾಲು ಇಂಚು ಸಡಿಲ ಕೊಟ್ಟೆ.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆಯವರು ಕೈಗೆ ಸಿಕ್ಕಿದ ಪಾತ್ರೆಯನ್ನು ಎರಡೆರಡು ಸಲ ತೊಳೆದರು. ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಬಂದರೆ ಫ್ರಿಜ್ಜಿನ ಬಾಗಿಲು ಖಾಲಿಯಿತ್ತು, ಪಟ್ಟಿಯ ಹಿಂಬದಿಯಲ್ಲಿ ಸೋಪು, ಉಪ್ಪು, ದಾರ ಎಂದು ಅಂಗಡಿಯ ಸಾಮಾನು ಬರೆದಿತ್ತು. ಒಂದೂವರೆ ವರ್ಷದಿಂದ ನನ್ನನ್ನು ಕಂಡಾಗಲೆಲ್ಲ ‘ಎಷ್ಟಿದೆ?’ ಎಂದೇ ಕೇಳುತ್ತಿದ್ದ ಅವರು ಅಂದು, “ಇವತ್ತು ಹೇಗಿದೀಯಮ್ಮಾ?” ಎಂದರು. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿತು. ಬಕೆಟ್ ಆಗುವುದಿಲ್ಲ, ಬಟ್ಟೆ ಮಡಚುತ್ತೇನೆ ಎಂದೆ. ಸರಿ ಎಂದು ಅವರು ಬಕೆಟನ್ನು ಮಗನ ಕೈಗೆ ಕೊಟ್ಟರು. ನಮ್ಮ ಮನೆಯವರು ಮಾತ್ರ ಇನ್ನೂ ಅರ್ಧ ದಾರಿಯಲ್ಲಿದ್ದಾರೆ. ಸಂಖ್ಯೆ ಮಿನುಗದೆ ಲಿಫ್ಟು ಹೇಗೆ ಕೆಟ್ಟೀತು ಎಂದು ಬಕೆಟ್ ಹೊರುತ್ತಲೇ ಯೋಚಿಸುತ್ತಿರುತ್ತಾರೆ. ಹೊರುತ್ತಾರಲ್ಲ, ಅಷ್ಟು ಸಾಕು.

ಆದ್ದರಿಂದ ಮಾನ್ಯರೇ, ಕರಡಿನಲ್ಲಿದ್ದ ಬೇಡಿಕೆಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ತಾವು ಏರಬಹುದು, ಇಳಿಯಬಹುದು, ಮನಸ್ಸು ಬಂದರೆ ಕಾರಣವನ್ನೂ ತಿಳಿಸಬಹುದು. ಮೂರು ತಿಂಗಳಿಗೊಮ್ಮೆ ತಮ್ಮನ್ನು ಡಾಕ್ಟರಮ್ಮನ ಮುಂದೆ ಹಾಜರುಪಡಿಸುವುದನ್ನು ನಾನು ತಪ್ಪಿಸುವುದಿಲ್ಲ, ತಮ್ಮನ್ನು ವಿಚಾರಿಸಿಕೊಳ್ಳುವುದು ಅವರ ಕೆಲಸ. ನನಗೆ ನೋವಿದೆಯೋ ಇಲ್ಲವೋ ಎಂದು ನಮ್ಮ ಮನೆಯಲ್ಲಿ ಯಾರಿಗಾದರೂ ತಿಳಿಯಬೇಕಾದರೆ, ಇನ್ನು ಮುಂದೆ ತಮ್ಮನ್ನಲ್ಲ, ನನ್ನನ್ನು ಕೇಳುತ್ತಾರೆ.

ಇಂತು,
ಇಷ್ಟು ದಿನ ತಮ್ಮ ಪರಮ ವಿಶ್ವಾಸಿಯಾಗಿದ್ದು, ಈಗ ಬರೀ ಪರಿಚಯಸ್ಥಳಾಗಿ ಉಳಿದಿರುವ,
ಕಟಿಂಗ್ ಟೇಬಲಿನ ಮಾಸ್ಟರಮ್ಮ

ತಾ.ಕ.: ಪತ್ರ ಮುಗಿದೂ ವಿಳಾಸ ಕಾಣದೆ ಡ್ರಾಯರಿನಲ್ಲೇ ಇರುವಾಗ, ಮುಂದಿನ ಸರದಿಯ ತಮ್ಮ ಹೊಸ ರಿಪೋರ್ಟು ಬಂತು. ಮತ್ತೆ ಹತ್ತೊಂಬತ್ತಂತೆ, ನಕ್ಷತ್ರವನ್ನೂ ಧರಿಸಿದ್ದೀರಂತೆ, ಅಭಿನಂದನೆಗಳು. ಒಂದು ಪ್ರತಿಯನ್ನು ಡಾಕ್ಟರಮ್ಮನಿಗೆ ತಲುಪಿಸಿದ್ದೇನೆ. ನನ್ನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಗಿಡ್ಡಗಾಲಿನ ಅಡಿಗೆ ಇಟ್ಟೆ, ಈಗ ಅದು ಒಂಚೂರೂ ಕುಲುಕುವುದಿಲ್ಲ. ತಾವು ಬಂದದ್ದಕ್ಕೆ ಒಂದು ಕಾರಣ ಸಿಕ್ಕಿದ್ದು ಇದೇ ಮೊದಲು.